ಪಂಪಿನ ಬೆನ್ನಿಗೊಂದು ಗಡಿಯಾರ

(ಅಸ್ತಮಾ ಇರುವ ಮಕ್ಕಳ ತಂದೆತಾಯಿ ಮತ್ತು ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ನಾಲ್ಕನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ಈ ಮಾತಿಗೆ ‘ಮಕ್ಕಳ ಇನ್‌ಹೇಲರ್ ಮೇಲೆ ಎಲೆಕ್ಟ್ರಾನಿಕ್ ಕಣ್ಗಾವಲು’ ಎಂದು ಹೆಸರು ಹಾಕಿದ್ದಾರೆ. ಕರೆಸಿದವರು ಇಟ್ಟ ಹೆಸರಿಗೆ ವೇದಿಕೆ ಹತ್ತಿದ ಕೂಡಲೇ ತಕರಾರು ತೆಗೆಯುವುದು ಒಳ್ಳೆಯ ನಡತೆಯಲ್ಲ. ಆದರೂ ತೆಗೆಯುತ್ತೇನೆ. ಕಣ್ಗಾವಲು ಅಂದ ಮೇಲೆ ಕಳ್ಳನೊಬ್ಬ ಇದ್ದಾನೆ ಎಂದು ಮೊದಲೇ ತೀರ್ಮಾನ ಮಾಡಿದಂತಾಯಿತು. ಇಲ್ಲಿ ಕಳ್ಳ ಯಾರು? ಎಂಟು ವರ್ಷದ ಹುಡುಗನೇ? ಅವನ ಅಮ್ಮನೇ? ಈ ಯಂತ್ರಗಳನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಸುಳ್ಳು ಹೇಳಿದವರನ್ನು ಕಂಡದ್ದು ತೀರಾ ಕಡಿಮೆ. ಮನೆಯವರೆಲ್ಲ ನಿಜವನ್ನೇ ಹೇಳುತ್ತಿದ್ದರೂ ಮಗುವಿಗೆ ಔಷಧಿ ಹೋಗದೇ ಇರುವುದನ್ನು ಮಾತ್ರ ಎಷ್ಟೋ ಸಲ ಕಂಡಿದ್ದೇನೆ. ಅದು ಹೇಗೆ ಸಾಧ್ಯ ಎಂಬುದನ್ನು ಹೇಳುವುದಕ್ಕೇ ಇವತ್ತು ಬಂದಿರುವುದು.

ಶುರು ಮಾಡುವ ಮೊದಲು ಈ ಮೂರು ಪಂಪುಗಳನ್ನು, ಅಂದರೆ ಇನ್‌ಹೇಲರ್‌ಗಳನ್ನು, ಸಭೆಯೊಳಗೆ ಕಳಿಸುತ್ತಿದ್ದೇನೆ. ಕೈಯಿಂದ ಕೈಗೆ ದಾಟಿಸಿ, ತಿರುಗಿಸಿ ನೋಡಿ. ಬಾಯಿಗೆ ಮಾತ್ರ ಇಡಬೇಡಿ. ಒಳಗಿನ ಡಬ್ಬಿಯಲ್ಲಿ ಔಷಧಿ ಇಲ್ಲ, ಗಾಳಿ ಮಾತ್ರ ಬರುತ್ತದೆ. ಪಂಪಿನ ಬೆನ್ನಿಗೆ ಅಂಟಿಕೊಂಡ ಸಣ್ಣ ಕವಚ ಕಾಣುತ್ತದಲ್ಲ, ನಮ್ಮ ಕಥಾನಾಯಕ ಅದೇ.

ಅಸ್ತಮಾ ಏನೆಂಬುದು ಇಲ್ಲಿ ಕೂತಿರುವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ರಾತ್ರಿ ಎರಡು ಗಂಟೆಗೆ ಮಗುವಿನ ಎದೆಯಿಂದ ಬರುವ ಸುಯ್ ಸುಯ್ ಸದ್ದನ್ನು ಕೇಳುತ್ತಾ ಕೂತವರಿಗೆ ಪಾಠ ಬೇಕಿಲ್ಲ. ಎರಡು ಪಂಪುಗಳ ವ್ಯತ್ಯಾಸವನ್ನಷ್ಟೇ ನೆನಪಿಸುತ್ತೇನೆ, ಏಕೆಂದರೆ ಮುಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ. ಸಾಮಾನ್ಯವಾಗಿ ನೀಲಿ ಬಣ್ಣದಲ್ಲಿರುವ ರಿಲೀವರ್, ಅಂದರೆ ಸಾಲ್ಬುಟಮಾಲ್, ಬಿಗಿದುಕೊಂಡ ಶ್ವಾಸನಾಳದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಮಗುವಿಗೂ ಗೊತ್ತಾಗುತ್ತದೆ, ನೋಡುವವರಿಗೂ ಗೊತ್ತಾಗುತ್ತದೆ. ಇನ್ನೊಂದು ಪ್ರಿವೆಂಟರ್. ಸ್ಟೀರಾಯ್ಡ್ ಇರುವ ಈ ಪಂಪು ನಾಳದ ಒಳಗೋಡೆಯ ಊತವನ್ನು ಇಳಿಸುತ್ತದೆ, ಆದರೆ ದಿನಗಟ್ಟಲೆ, ವಾರಗಟ್ಟಲೆ ಸಮಯ ತೆಗೆದುಕೊಂಡು. ಇವತ್ತು ತೆಗೆದುಕೊಂಡರೆ ಇವತ್ತು ಏನೂ ಅನ್ನಿಸುವುದಿಲ್ಲ. ಇವತ್ತು ಬಿಟ್ಟರೂ ಏನೂ ಅನ್ನಿಸುವುದಿಲ್ಲ. ತೊಂದರೆ ಇರುವುದೇ ಇಲ್ಲಿ. ಬಿಟ್ಟದ್ದಕ್ಕೆ ಮೂರು ವಾರ ಕಳೆದು, ಒಂದು ನೆಗಡಿಯ ನೆಪದಲ್ಲಿ ಶಿಕ್ಷೆ ಸಿಗುತ್ತದೆ. ಆಗ ಎಲ್ಲರೂ ನೆಗಡಿಯನ್ನು ಬೈಯುತ್ತಾರೆ.

ಇಂಥ ಔಷಧಿಯನ್ನು ದಿನಕ್ಕೆರಡು ಬಾರಿ, ವರ್ಷಗಟ್ಟಲೆ, ಆಟದ ಮಧ್ಯೆ, ನಿದ್ದೆಯ ಮಧ್ಯೆ ತಪ್ಪದೆ ತೆಗೆದುಕೊಳ್ಳುವುದು ಯಾರಿಗೂ ಸುಲಭವಲ್ಲ. ಏಳು ದಿನದ ಆಂಟಿಬಯೋಟಿಕ್ ಕೋರ್ಸನ್ನು ನಾನೇ ಪೂರ್ತಿ ಮುಗಿಸಿದ ನೆನಪಿಲ್ಲ. (ಇದನ್ನು ಬರಹದಲ್ಲಿ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಇರಲಿ.)

ಈಗ ಒಬ್ಬ ಹುಡುಗನ ವಿಷಯ. ಅವನಿಗೆ ಒಂಬತ್ತು ವರ್ಷ. ಒಂದೇ ವರ್ಷದಲ್ಲಿ ನಾಲ್ಕು ಸಲ ಉಬ್ಬಸ ಜೋರಾಗಿ ಸ್ಟೀರಾಯ್ಡ್ ಮಾತ್ರೆ ಬೇಕಾಗಿತ್ತು. ಪ್ರಿವೆಂಟರ್ ಪ್ರಮಾಣವನ್ನು ಆಗಲೇ ಎರಡು ಸಲ ಏರಿಸಿ ಆಗಿತ್ತು. “ಒಂದು ದಿನವೂ ತಪ್ಪಿಸಿಲ್ಲ ಡಾಕ್ಟ್ರೇ, ನಾನೇ ಎದುರಿಗೆ ನಿಂತು ಕೊಡ್ತೀನಿ” ಎಂದರು ತಾಯಿ. ಅವರ ಮುಖ ನೋಡಿದರೆ ಸಾಕು, ನಿಜ ಹೇಳುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ಮುಂದಿನ ಮೆಟ್ಟಿಲು ಎಂದರೆ ಇನ್ನೂ ಬಲವಾದ ಔಷಧಿ, ಬಹುಶಃ ಇಂಜೆಕ್ಷನ್. ಅದಕ್ಕೆ ಮೊದಲು ಎರಡು ತಿಂಗಳು ಈ ಕವಚ ಹಾಕಿ ನೋಡೋಣವೇ ಎಂದು ಕೇಳಿದೆ. ಅದು ಏನು ಮಾಡುತ್ತದೆ ಎಂಬುದನ್ನು ಹುಡುಗನಿಗೂ ಹೇಳಿದೆ. ಮುಚ್ಚುಮರೆ ಇರಲಿಲ್ಲ.

ಎರಡು ತಿಂಗಳ ನಂತರ ಚಿತ್ರವನ್ನು ತೆರೆ ಮೇಲೆ ತೆರೆದೆವು. ಅಡ್ಡಕ್ಕೆ ದಿನಾಂಕ, ಉದ್ದಕ್ಕೆ ಗಂಟೆ. ಪಂಪ್ ಒತ್ತಿದಾಗಲೆಲ್ಲ ಒಂದು ಚುಕ್ಕೆ. ಬೆಳಗಿನ ಚುಕ್ಕೆಗಳು ಒಂದು ವಾರ ಹೊಲಿಗೆ ಹಾಕಿದಂತೆ ಸಾಲಾಗಿದ್ದವು, ಏಳೂವರೆ, ಏಳು ನಲವತ್ತು. ರಾತ್ರಿಯವೂ ಹಾಗೆಯೇ. ಮುಂದಿನ ವಾರ ಹೆಚ್ಚುಕಡಿಮೆ ಖಾಲಿ. ಅದರ ಮುಂದಿನ ವಾರ ಮತ್ತೆ ಸಾಲು. ಮತ್ತೆ ಖಾಲಿ. ನಾನು ಬಾಯಿ ತೆರೆಯುವ ಮೊದಲೇ ತಾಯಿ ಖಾಲಿ ಜಾಗದ ಮೇಲೆ ಬೆರಳಿಟ್ಟು, “ಇದು ನನ್ನ ನೈಟ್ ಶಿಫ್ಟ್ ವಾರ” ಎಂದರು. ಆ ವಾರಗಳಲ್ಲಿ ಹುಡುಗನನ್ನು ನೋಡಿಕೊಳ್ಳುತ್ತಿದ್ದದ್ದು ತಂದೆ. ಅವರೂ ಪ್ರತಿದಿನ ಕೇಳುತ್ತಿದ್ದರು, “ಪಂಪ್ ತಗೊಂಡ್ಯಾ?” ಅವನು “ಹೂಂ” ಅನ್ನುತ್ತಿದ್ದ. ತಾಯಿ ಕೊಡುತ್ತಿದ್ದರು, ತಂದೆ ಕೇಳುತ್ತಿದ್ದರು. ಕೊಡುವುದಕ್ಕೂ ಕೇಳುವುದಕ್ಕೂ ಇರುವ ಅಂತರ ಆ ಪರದೆಯ ಮೇಲೆ ಚುಕ್ಕೆಯಾಗಿ, ಚುಕ್ಕೆ ಇಲ್ಲದ ಜಾಗವಾಗಿ ಕಾಣಿಸಿತು. ಹುಡುಗನ “ಹೂಂ” ಕೂಡ ಪೂರ್ತಿ ಸುಳ್ಳಲ್ಲ ಎನ್ನಿ. ಒಂಬತ್ತು ವರ್ಷದವನಿಗೆ ನಿನ್ನೆ ತೆಗೆದುಕೊಂಡದ್ದೂ ಇವತ್ತು ತೆಗೆದುಕೊಂಡದ್ದೂ ಒಂದೇ ನೆನಪು.

ಆಮೇಲೆ ಮಾಡಿದ ಚಿಕಿತ್ಸೆ ಇಷ್ಟೇ: ಪಂಪನ್ನು ಹಲ್ಲುಜ್ಜುವ ಬ್ರಷ್ ಪಕ್ಕ ಇಟ್ಟರು, ತಂದೆ ಕೇಳುವುದನ್ನು ಬಿಟ್ಟು ಕೈಗೆ ಕೊಡಲು ಶುರುಮಾಡಿದರು. ಇಂಜೆಕ್ಷನ್ ಬೇಕಾಗಲಿಲ್ಲ. ಏರಿಸಿದ್ದ ಪ್ರಮಾಣವನ್ನು ಮುಂದೆ ಇಳಿಸಿಯೂ ಬಿಟ್ಟೆವು.

ಈ ಯಂತ್ರದ ಬಗ್ಗೆ ನನಗಿರುವ ಅಭಿಪ್ರಾಯ ಗಟ್ಟಿಯಾದದ್ದು ಆ ದಿನ. ನಾವು ಮಗುವಿನ ಪಂಪಿಗೆ ಗಡಿಯಾರ ಕಟ್ಟುತ್ತೇವೆ, ಅದು ಮನೆಯ ದಿನಚರಿಯನ್ನು ಬರೆದುಕೊಂಡು ಬರುತ್ತದೆ. ಯಾರಿಗೆ ಯಾವ ಪಾಳಿ, ಯಾವ ದಿನ ಯಾರು ಸುಸ್ತಾಗಿದ್ದರು, ರಜೆ ಎಲ್ಲಿಂದ ಶುರುವಾಯಿತು, ಎಲ್ಲ ಅದರಲ್ಲಿರುತ್ತದೆ. ಓದಲು ಗೊತ್ತಿರಬೇಕು.

ಇನ್ನು ಅಂಕಿಗಳ ವಿಷಯ. ಯಂತ್ರ ಇಲ್ಲದಿದ್ದಾಗ ನಾವು ಏನು ಮಾಡುತ್ತಿದ್ದೆವು? ಬಾಯಿಮಾತಲ್ಲಿ ಕೇಳುತ್ತಿದ್ದೆವು, ಡೈರಿ ಬರೆಸುತ್ತಿದ್ದೆವು, ಡಬ್ಬಿಯನ್ನು ತೂಗುತ್ತಿದ್ದೆವು. ಅಮೆರಿಕದ ಡೆನ್ವರಿನಲ್ಲಿ 8ರಿಂದ 12 ವರ್ಷದ 24 ಮಕ್ಕಳನ್ನು ಹೀಗೆ ಗಮನಿಸಿ 1996ರಲ್ಲಿ ಒಂದು ವರದಿ ಪ್ರಕಟವಾಯಿತು. ಡೈರಿಯ ಪ್ರಕಾರ ಮಕ್ಕಳು ಪ್ರಿವೆಂಟರನ್ನು 95.4% ತೆಗೆದುಕೊಂಡಿದ್ದರು. ಪಂಪಿನಲ್ಲಿದ್ದ ಯಂತ್ರದ ಪ್ರಕಾರ 58.4%. ಇವೆರಡೂ ಮಧ್ಯಾಂಕಗಳು, ಅಂದರೆ ಅರ್ಧದಷ್ಟು ಮಕ್ಕಳು ಅದಕ್ಕಿಂತ ಕೆಳಗೇ ಇದ್ದರು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅದೇ ವರದಿಯ ಇನ್ನೊಂದು ಜೋಡಿ ಅಂಕಿ. ಉಬ್ಬಸ ಉಲ್ಬಣಿಸಿ ಸ್ಟೀರಾಯ್ಡ್ ಮಾತ್ರೆ ಬೇಕಾದ ಮಕ್ಕಳಲ್ಲಿ ಯಂತ್ರದ ಲೆಕ್ಕ 13.7%, ಬೇಕಾಗದವರಲ್ಲಿ 68.2%. ಕೇವಲ 24 ಮಕ್ಕಳು, ನಿಜ. ಆದರೂ ಹದಿಮೂರಕ್ಕೂ ಅರವತ್ತೆಂಟಕ್ಕೂ ಇರುವ ದೂರವನ್ನು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. 2000ದಲ್ಲಿ ಬಂದ ಇನ್ನೊಂದು ಸಣ್ಣ ಅಧ್ಯಯನ ಒಂದೇ ಮಕ್ಕಳ ಗುಂಪನ್ನು ಬೇರೆ ಬೇರೆ ರೀತಿಯಲ್ಲಿ ಅಳೆಯಿತು. ಮಕ್ಕಳೂ ತಾಯಂದಿರೂ ಹೇಳಿದ್ದು 80%ಕ್ಕಿಂತ ಹೆಚ್ಚು, ಡಬ್ಬಿ ತೂಗಿದಾಗ 69%, ಯಂತ್ರ ಹೇಳಿದ್ದು 50%.

ತೂಕವೇಕೆ ಯಂತ್ರಕ್ಕಿಂತ ಹೆಚ್ಚು ಹೇಳುತ್ತದೆ? ಡಬ್ಬಿ ಹಗುರಾಗಲು ಔಷಧಿ ಎದೆಗೇ ಹೋಗಬೇಕೆಂದಿಲ್ಲ, ಗಾಳಿಗೆ ಹೋದರೂ ಸಾಕು. ಅಮೆರಿಕದಲ್ಲಿ ಧೂಮಪಾನಿಗಳ ಶ್ವಾಸಕೋಶದ ಮೇಲೆ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಇದು ನಗು ಬರಿಸುವಷ್ಟು ಸ್ಪಷ್ಟವಾಗಿ ಕಂಡಿತ್ತು. ಅವರೆಲ್ಲ ದೊಡ್ಡವರು, ನೆನಪಿಡಿ. ಪಂಪಿನೊಳಗಿನ ಯಂತ್ರ ಸಮಯವನ್ನೂ ದಾಖಲಿಸುತ್ತದೆ ಎಂದು ತಿಳಿಯದ ಕೆಲವರು ವೈದ್ಯರ ಭೇಟಿಗೆ ಮೊದಲು ಮೂರೇ ಗಂಟೆಯೊಳಗೆ 100ಕ್ಕೂ ಹೆಚ್ಚು ಬಾರಿ ಒತ್ತಿ ಡಬ್ಬಿ ಖಾಲಿ ಮಾಡಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ವರ್ಷದ ಕಾಪಿ ಬರೆಯುವವರ ಹಾಗೆ! ಸಮಯ ದಾಖಲಾಗುತ್ತದೆ ಎಂದು ತಿಳಿಸಿದವರಲ್ಲಿ ಈ ಆಟ ಹೆಚ್ಚುಕಡಿಮೆ ನಿಂತೇಹೋಯಿತು. ಅವರನ್ನು ನೋಡಿ ನಗುವ ಮೊದಲು ಒಂದು ಪ್ರಶ್ನೆ. ಡಾಕ್ಟರರನ್ನು ನಿರಾಶೆಗೊಳಿಸಬಾರದೆಂದು ಒಬ್ಬ ಮನುಷ್ಯ ನೂರು ಸಲ ಗಾಳಿಗೆ ಒತ್ತುತ್ತಾನೆಂದರೆ, ಆ ಡಾಕ್ಟರರ ಕೋಣೆ ಎಂಥದ್ದಿರಬೇಕು?

ಕವಚದೊಳಗೆ ಏನಿದೆ ನೋಡೋಣ. ಪಂಪು ಹುಟ್ಟಿದ್ದೇ ಒಂದು ಮಗುವಿನ ಪ್ರಶ್ನೆಯಿಂದ ಎಂದು ಹೇಳುತ್ತಾರೆ. 1955ರಲ್ಲಿ ಅಮೆರಿಕದ ರೈಕರ್ ಔಷಧ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ 13 ವರ್ಷದ ಮಗಳಿಗೆ ಅಸ್ತಮಾ ಇತ್ತು. ಕೂದಲಿಗೆ ಹೊಡೆಯುವ ಸ್ಪ್ರೇ ಡಬ್ಬಿಯಲ್ಲಿ ಬರುತ್ತದೆ, ನನ್ನ ಔಷಧಿ ಏಕೆ ಹಾಗೆ ಬರುವುದಿಲ್ಲ ಎಂದು ಕೇಳಿದಳಂತೆ. ಮರುವರ್ಷವೇ ಅಳತೆಯ ಡೋಸ್ ಕೊಡುವ ಮೊದಲ ಪಂಪು ಮಾರುಕಟ್ಟೆಗೆ ಬಂತು. ಅಲ್ಲಿಂದ ಬಹುಕಾಲ ಅದರೊಳಗೆ ಎಷ್ಟು ಉಳಿದಿದೆ ಎಂಬುದನ್ನೂ ಹೊರಗಿನಿಂದ ತಿಳಿಯುವಂತಿರಲಿಲ್ಲ. ಅಲುಗಾಡಿಸಿ ನೋಡುತ್ತಿದ್ದೆವು. ಈಗ ಎಷ್ಟೋ ಪಂಪುಗಳ ಬೆನ್ನಿಗೆ ಡೋಸ್ ಎಣಿಸುವ ಅಂಕಿ ಇರುತ್ತದೆ. ಅದು ಎಷ್ಟು ಎಂದು ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ಎಲೆಕ್ಟ್ರಾನಿಕ್ ಕವಚ ಸೇರಿಸುವುದು ಆ ‘ಯಾವಾಗ’ ಎಂಬುದನ್ನು. ಡಬ್ಬಿ ಕೆಳಕ್ಕೆ ಇಳಿದ ಕೂಡಲೇ ಸೆನ್ಸರ್ ಗುರುತಿಸುತ್ತದೆ, ಒಳಗಿನ ಗಡಿಯಾರ ದಿನಾಂಕ ಮತ್ತು ಸಮಯವನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ, ಫೋನ್ ಹತ್ತಿರ ಬಂದಾಗ ಬ್ಲೂಟೂತ್ ಮೂಲಕ ಕಳಿಸುತ್ತದೆ. ಇಷ್ಟೇ ಕೆಲಸ. ಇದರ ಹಿರಿಯಣ್ಣಂದಿರು 1980ರ ದಶಕದಲ್ಲೇ ಇದ್ದರು, ಆದರೆ ಸಂಶೋಧಕರ ಕೈಯಲ್ಲಿ ಮಾತ್ರ.

ಕೆಲವು ಯಂತ್ರಗಳು ಇದಕ್ಕಿಂತ ಮುಂದೆ ಹೋಗಿವೆ. ಡಬ್ಲಿನ್ನಿನ ಸಂಶೋಧಕರು ಪುಡಿ ಇನ್‌ಹೇಲರಿಗೆ ಪುಟ್ಟ ಮೈಕ್ ಕಟ್ಟಿ, ಮುಚ್ಚಳ ತೆರೆದದ್ದರಿಂದ ಹಿಡಿದು ಉಸಿರು ಎಳೆದ ಸದ್ದಿನವರೆಗೆ ದಾಖಲಿಸಿದರು. ಉಸಿರಿನ ವೇಗ ಅಳೆಯುವ ಸೆನ್ಸರನ್ನು ಪಂಪಿನೊಳಗೇ ಇಟ್ಟ ಡಿಜಿಹೇಲರಿಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. 2024ರಲ್ಲಿ ಕಂಪನಿಯೇ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಿತು. ಯಂತ್ರ ಜಾಣವಾಗಿದ್ದ ಮಾತ್ರಕ್ಕೆ ಬಾಳುತ್ತದೆ ಎಂದೇನಿಲ್ಲ.

ಹಾಗಾದರೆ ಇದರಿಂದ ಲಾಭವಿದೆಯೇ? ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವನ್ನು ಎಲ್ಲರೂ ಉದಾಹರಿಸುತ್ತಾರೆ, ನಾನೂ ಹೊರತಲ್ಲ. ಉಬ್ಬಸ ಜೋರಾಗಿ ತುರ್ತು ವಿಭಾಗಕ್ಕೆ ಬಂದಿದ್ದ 6ರಿಂದ 15 ವರ್ಷದ 220 ಮಕ್ಕಳು. ಎಲ್ಲರ ಪಂಪಿಗೂ ಯಂತ್ರ ಇತ್ತು. ಅರ್ಧ ಮಕ್ಕಳ ಯಂತ್ರ ಹೊತ್ತಿಗೆ ಸರಿಯಾಗಿ ರಿಂಗ್‌ಟೋನ್ ಹಾಡುತ್ತಿತ್ತು, ಉಳಿದವರದ್ದು ಮೂಕವಾಗಿತ್ತು. ಆರು ತಿಂಗಳಲ್ಲಿ ಹಾಡಿದ ಗುಂಪಿನ ಮಧ್ಯಾಂಕ 84%, ಮೂಕ ಗುಂಪಿನದ್ದು 30%. ಔಷಧಿ ಶಾಸ್ತ್ರದಲ್ಲಿ ಇಂಥ ಅಂತರ ದಿನಾ ಸಿಗುವುದಲ್ಲ. ಆದರೆ ಶಾಲೆ ತಪ್ಪಿದ ದಿನಗಳನ್ನು ಎಣಿಸಿದರೆ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಇಂಗ್ಲೆಂಡಿನ ಶೆಫೀಲ್ಡ್ ಕಡೆಯ 90 ಮಕ್ಕಳ ಮೇಲೆ ಒಂದು ವರ್ಷ ನಡೆದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಅಲಾರಂ ಜೊತೆಗೆ, ಪ್ರತಿ ಭೇಟಿಯಲ್ಲಿ ಚುಕ್ಕೆ ಚಿತ್ರವನ್ನು ಮುಂದಿಟ್ಟುಕೊಂಡು ಮಾತುಕತೆ. ತೆಗೆದುಕೊಂಡ ಡೋಸ್ ಇವರಲ್ಲಿ 70%, ಇವೆರಡೂ ಇಲ್ಲದ ಗುಂಪಿನಲ್ಲಿ 49%. ಅಸ್ತಮಾ ಎಷ್ಟು ಹಿಡಿತದಲ್ಲಿದೆ ಎಂದು ಕೇಳುವ ಪ್ರಶ್ನಾವಳಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಸ್ಟೀರಾಯ್ಡ್ ಮಾತ್ರೆಯ ಕೋರ್ಸುಗಳೂ ಆಸ್ಪತ್ರೆ ಸೇರಿದ್ದೂ ಕಡಿಮೆಯಾದವು. ನೆದರ್ಲೆಂಡಿನವರು ಇನ್ನೂ ನಾಜೂಕಾದ ಉಪಾಯ ಮಾಡಿದರು. ಡೋಸ್ ತೆಗೆದುಕೊಂಡಿದ್ದರೆ ಸುಮ್ಮನಿರುವುದು, ತಪ್ಪುವ ಹಾಗಿದ್ದರೆ ಮಾತ್ರ ಫೋನಿಗೆ ಮೆಸೇಜ್. 209 ಮಕ್ಕಳಲ್ಲಿ 69.3% ವಿರುದ್ಧ 57.3%. ಅಸ್ತಮಾ ಹಿಡಿತದಲ್ಲಿ ಅಲ್ಲೂ ವ್ಯತ್ಯಾಸವಿಲ್ಲ.

“ಇದೇನು ಡಾಕ್ಟ್ರೇ, ಔಷಧಿ ಹೆಚ್ಚು ಹೋದರೂ ಕಾಯಿಲೆ ಹಾಗೇ ಇದೆಯಲ್ಲ” ಎಂದು ಕೇಳುತ್ತೀರಿ. ಕೇಳಲೇಬೇಕಾದ ಪ್ರಶ್ನೆ. ಒಂದು ಕಾರಣ ಸರಳ. ಪ್ರಯೋಗಕ್ಕೆ ಸೇರಿದ ಮಕ್ಕಳಲ್ಲಿ ಎಷ್ಟೋ ಜನರ ಅಸ್ತಮಾ ಅರ್ಧ ಡೋಸಿನಲ್ಲೇ ಹಿಡಿತದಲ್ಲಿ ಇರುವಂಥದ್ದು. 57 ಇದ್ದದ್ದು 69 ಆದರೆ ಅವರಿಗೆ ಏನೂ ಆಗುವುದಿಲ್ಲ. ಇನ್ನೊಂದು ಕಾರಣಕ್ಕೆ ಆಮೇಲೆ ಬರುತ್ತೇನೆ. ನನಗೆ ಕಂಡದ್ದನ್ನು ಹೇಳುವುದಾದರೆ, ಎಲ್ಲ ಅಸ್ತಮಾ ಮಕ್ಕಳಿಗೂ ಈ ಯಂತ್ರ ಹಂಚಿ, ಅಲಾರಂ ಹೊಡೆಸಿ, ಶೇಕಡಾವಾರು ಏರಿತೆಂದು ಬೀಗುವುದರಲ್ಲಿ ಹುರುಳಿಲ್ಲ. ಇದರ ನಿಜವಾದ ಬೆಲೆ ಇರುವುದು ಗುಣವಾಗದ ಮಗುವಿನ ಮುಂದೆ.

ಲಂಡನ್ನಿನ ಮಕ್ಕಳ ತಜ್ಞರು ಹೀಗೆ ಯಂತ್ರ ಹಾಕಿಸಿಕೊಂಡ ಮಕ್ಕಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ, ಆ ವಿಂಗಡಣೆ ನನಗೆ ದಿನಾ ಉಪಯೋಗಕ್ಕೆ ಬರುತ್ತದೆ. ಸರಿಯಾಗಿ ತೆಗೆದುಕೊಂಡು ಚೆನ್ನಾಗಿರುವ ಮಗು ಇದ್ದರೆ ಎಲ್ಲರೂ ಖುಷಿ. ಸರಿಯಾಗಿ ತೆಗೆದುಕೊಳ್ಳದೆಯೂ ಚೆನ್ನಾಗಿರುವ ಮಗುವಿಗೆ ಬಹುಶಃ ಅಷ್ಟು ಔಷಧಿಯೇ ಬೇಕಿಲ್ಲ. ಅದನ್ನು ಬೈಯುವ ಬದಲು ವೈದ್ಯರು ಪ್ರಮಾಣ ಇಳಿಸುವ ಯೋಚನೆ ಮಾಡಬೇಕು. ತೆಗೆದುಕೊಳ್ಳದೆ ನರಳುತ್ತಿರುವ ಮಗುವಿಗೆ ಬೇಕಿರುವುದು ಇರುವ ಔಷಧಿಯೇ, ಮನೆಯಲ್ಲಿ ಅದು ಎಲ್ಲಿ ಜಾರುತ್ತಿದೆ ಎಂದು ಹುಡುಕುವ ತಾಳ್ಮೆಯೊಂದಿಗೆ. ಕೊನೆಯದು, ಎಲ್ಲ ಚುಕ್ಕೆಯೂ ಸಾಲಾಗಿದ್ದು ಮಗು ಇನ್ನೂ ಉಬ್ಬಸಪಡುತ್ತಿರುವುದು. ಈ ಮಗುವಿಗಾಗಿಯೇ ಯಂತ್ರ ಇರಬೇಕು ಎಂದು ನಾನು ವಾದಿಸುವುದು. ಯಂತ್ರ ಇಲ್ಲದಿದ್ದರೆ ಈ ಮನೆಯವರ ಮೇಲೂ ನಾವು ಅನುಮಾನಪಡುತ್ತಿದ್ದೆವು. “ಸರಿಯಾಗಿ ಕೊಡಿ, ಸರಿಯಾಗಿ ಕೊಡಿ” ಎಂದು ಮೂರು ಸಲ ಹೇಳಿ ಕಳಿಸುತ್ತಿದ್ದೆವು. ಈಗ ಅವರ ಪರವಾಗಿ ಸಾಕ್ಷಿ ಹೇಳಲು ಒಂದು ಯಂತ್ರ ಇದೆ. ಕಾಯಿಲೆ ಅಸ್ತಮಾವೇ ಹೌದೇ, ಇನ್ನೇನಾದರೂ ಇದೆಯೇ, ಬಲವಾದ ಔಷಧಿ ಬೇಕೇ ಎಂದು ಯೋಚಿಸುವ ಸರದಿ ನಮ್ಮದು.

ರಿಲೀವರಿಗೂ ಇಂಥ ಯಂತ್ರ ಕಟ್ಟಬಹುದು. ಅಲ್ಲಿ ಓದುವ ಕ್ರಮ ತಿರುಗುಮುರುಗು. ಚುಕ್ಕೆ ಹೆಚ್ಚಾದರೆ ಅಪಾಯ. ಬ್ರಿಟನ್ನಿನಲ್ಲಿ ಅಸ್ತಮಾದಿಂದ ಸತ್ತ 195 ಮಂದಿಯ ದಾಖಲೆಗಳನ್ನು ತೆಗೆದು ನೋಡಿ 2014ರಲ್ಲಿ ಒಂದು ರಾಷ್ಟ್ರೀಯ ವರದಿ ಬಂತು. ರಿಲೀವರ್ ಎಷ್ಟು ಬರೆದುಕೊಟ್ಟಿದ್ದರು ಎಂಬ ಲೆಕ್ಕ ಸಿಕ್ಕವರಲ್ಲಿ 39% ಜನರಿಗೆ ಸಾಯುವ ಹಿಂದಿನ ಒಂದು ವರ್ಷದಲ್ಲಿ 12ಕ್ಕಿಂತ ಹೆಚ್ಚು ರಿಲೀವರ್ ಪಂಪು ಕೊಟ್ಟಿದ್ದರು. ತಿಂಗಳಿಗೆ ಒಂದಕ್ಕೂ ಮಿಕ್ಕಿ ಖಾಲಿಯಾಗುತ್ತಿದ್ದರೂ ಯಾರೂ ತಡೆದು ಕೇಳಿರಲಿಲ್ಲ. ಶಿಕ್ಷಕರಿಗೆ ಒಂದು ಮಾತು. ತರಗತಿಯ ಮಗು ನೀಲಿ ಪಂಪನ್ನು ವಾರಕ್ಕೆ ನಾಲ್ಕು ಸಲ ತೆಗೆಯುತ್ತಿದ್ದರೆ, ಕವಚ ಇರಲಿ ಇಲ್ಲದಿರಲಿ, ಮನೆಗೆ ಒಂದು ಚೀಟಿ ಬರೆದು ಕಳಿಸಿ.

ಈಗ ಆ ಇನ್ನೊಂದು ಕಾರಣ. ಸಾಮಾನ್ಯ ಕವಚಕ್ಕೆ ಗೊತ್ತಿರುವುದು ಒತ್ತಿದ್ದು ಮಾತ್ರ. ಔಷಧಿ ಎಲ್ಲಿಗೆ ಹೋಯಿತು ಎಂದು ಗೊತ್ತಿಲ್ಲ. ನನ್ನ ಮುಂದೆ ಒಬ್ಬಳು ಏಳು ವರ್ಷದ ಹುಡುಗಿ ಕೂತಿದ್ದಳು, ನೂರಕ್ಕೆ ತೊಂಬತ್ತೈದು ಚುಕ್ಕೆ, ಆದರೂ ಕೆಮ್ಮು. “ಹೇಗೆ ತಗೋತೀಯ, ತೋರಿಸು ಪುಟ್ಟಾ” ಎಂದೆ. ಪಂಪ್ ಬಾಯಿಗಿಟ್ಟಳು, ಟಪ್ ಎಂದು ಒತ್ತಿದಳು, ಬಾಯಿ ಮುಚ್ಚಿ ನುಂಗಿದಳು. ತುಟಿಯ ಅಂಚಿನಿಂದ ಬಿಳಿ ಹೊಗೆಯ ಎಳೆ ಹೊರಬಂತು. ಅಮ್ಮನ ಕಡೆ ತಿರುಗಿ ಗೆದ್ದವಳಂತೆ ನಕ್ಕಳು. ಪಾಪ, ಹತ್ತು ವಾರ ಅವಳು ಔಷಧಿಯನ್ನು ನಿಷ್ಠೆಯಿಂದ ನಾಲಿಗೆಗೆ ಕೊಟ್ಟಿದ್ದಳು. ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಕೊಳವೆ, ಅಂದರೆ ಸ್ಪೇಸರ್, ಕೊಟ್ಟಿರಲಿಲ್ಲವೇ ಎಂದರೆ ಕೊಟ್ಟಿದ್ದೆವು. ಬ್ಯಾಗಿನಲ್ಲಿ ಹಿಡಿಯುವುದಿಲ್ಲ ಎಂದು ಅದು ಕಪಾಟಿನಲ್ಲಿತ್ತು.

ಆದ್ದರಿಂದ ನೀವು ಕೈಗೆ ಸಿಕ್ಕಿರುವಾಗಲೇ ಇದನ್ನು ಇನ್ನೊಮ್ಮೆ ಹೇಳಿಬಿಡುತ್ತೇನೆ. ಸ್ಪ್ರೇ ಪಂಪ್ ಆದರೆ ಚೆನ್ನಾಗಿ ಅಲುಗಾಡಿಸಿ, ಸ್ಪೇಸರಿಗೆ ಸಿಕ್ಕಿಸಿ, ಒಂದು ಸಲಕ್ಕೆ ಒಂದೇ ಒತ್ತು. ದೊಡ್ಡ ಮಗು ನಿಧಾನವಾಗಿ, ಆಳವಾಗಿ ಎಳೆದು ಹತ್ತು ಎಣಿಸುವವರೆಗೆ ಉಸಿರು ಹಿಡಿಯಲಿ. ಚಿಕ್ಕ ಮಗು ಐದಾರು ಸಲ ಸಹಜವಾಗಿ ಉಸಿರಾಡಿದರೆ ಸಾಕು, ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂತಿರಬೇಕು. ಅಳುತ್ತಿರುವ ಮಗುವಿಗೆ ಅದುಮಿ ಹಿಡಿದು ಕೊಟ್ಟರೆ ಎದೆಗೆ ಹೋಗುವುದು ಅತ್ಯಲ್ಪ. ಪುಡಿ ಇನ್‌ಹೇಲರ್ ಆದರೆ ಇದಕ್ಕೆ ವಿರುದ್ಧ, ಜೋರಾಗಿ, ಒಂದೇ ದಮ್ಮಿಗೆ ಎಳೆಯಬೇಕು. ಸ್ಟೀರಾಯ್ಡ್ ಪಂಪಿನ ನಂತರ ಬಾಯಿ ಮುಕ್ಕಳಿಸಿ ಉಗುಳಬೇಕು. ಹಲ್ಲುಜ್ಜುವ ಮುಂಚೆ ಪಂಪ್ ಎಂಬ ನಿಯಮ ಇಟ್ಟುಕೊಂಡರೆ ಇದು ತಾನಾಗಿಯೇ ಆಗುತ್ತದೆ.

ಯಂತ್ರಕ್ಕೆ ಕಾಣದ ಇನ್ನೊಂದು ವಿಷಯ ಮನಸ್ಸು. ಮರೆತು ಬಿಡುವುದೇ ಬೇರೆ, ಬೇಡವೆಂದು ಬಿಡುವುದೇ ಬೇರೆ. ಎರಡೂ ಕಡೆ ಚುಕ್ಕೆ ಇರುವುದಿಲ್ಲ, ಅಷ್ಟೇ. ಮರೆಯುವ ಮನೆಗೆ ಅಲಾರಂ ಸಾಕು. ‘ಸ್ಟೀರಾಯ್ಡ್ ಒಳ್ಳೆಯದಲ್ಲ, ಮಗು ಚೆನ್ನಾಗಿದ್ದಾಗ ಏಕೆ ಕೊಡಬೇಕು’ ಎಂದು ನಂಬಿದ ಮನೆಯಲ್ಲಿ ಅಲಾರಂ ಹತ್ತು ದಿನ ಹೊಡೆದು ಹನ್ನೊಂದನೆಯ ದಿನ ಬಂದ್ ಆಗುತ್ತದೆ. ಅವರ ಜೊತೆ ಕೂತು ಮಾತಾಡಬೇಕು. ಖಾಲಿ ಜಾಗ ತೋರಿಸಿ “ಇಲ್ಲೇನಾಯ್ತು?” ಎಂದು ಕೇಳುವ ದನಿಯಲ್ಲೇ ಅರ್ಧ ಕೆಲಸ ಇದೆ. ಪೊಲೀಸ್ ದನಿಯಲ್ಲಿ ಕೇಳಿದ ದಿನ ಕವಚ ‘ಕಳೆದುಹೋಗುತ್ತದೆ’. ನನ್ನ ಬಳಿ ಹಾಗೆ ಕಳೆದುಹೋದವು ಎಷ್ಟೋ ಇವೆ, ತಪ್ಪು ನನ್ನದೇ ಎಂದು ಈಗ ಅನ್ನಿಸುತ್ತದೆ.

ಹದಿಹರೆಯದವರ ವಿಷಯದಲ್ಲಂತೂ ಯಂತ್ರ ಹಾಕುವ ಮೊದಲೇ ಒಪ್ಪಂದ ಆಗಬೇಕು. ಚುಕ್ಕೆಗಳನ್ನು ಯಾರು ನೋಡಬಹುದು? ತಂದೆತಾಯಿಯ ಫೋನಿಗೆ ಪ್ರತಿದಿನ ಹೋಗಬೇಕೇ, ತಿಂಗಳಿಗೊಮ್ಮೆ ಒಟ್ಟಿಗೆ ನೋಡಿದರೆ ಸಾಕೇ? ಮಾಹಿತಿ ಕಂಪನಿಯ ಸರ್ವರಿನಲ್ಲಿ ಎಷ್ಟು ದಿನ ಇರುತ್ತದೆ, ಆ್ಯಪ್ ಮಗುವಿನ ಓಡಾಟದ ಜಾಗವನ್ನೂ ಗುರುತು ಹಾಕುತ್ತದೆಯೇ? ಸಹಿ ಹಾಕುವ ಮೊದಲು ಕೇಳಿ. ಹದಿನಾಲ್ಕು ವರ್ಷದವಳಿಗೆ ತಿಳಿಸದೆ ಯಂತ್ರ ಸಿಕ್ಕಿಸಿ ಎಂದು ಯಾರಾದರೂ ಬಂದು ಕೇಳಿದರೆ ನಾನು ಒಪ್ಪುವುದಿಲ್ಲ, ಎಷ್ಟೇ ಒಳ್ಳೆಯ ಉದ್ದೇಶವಿರಲಿ.

ಪ್ರಶ್ನೋತ್ತರದಿಂದ:

‘ಫೋನಿನಲ್ಲೇ ಅಲಾರಂ ಇಟ್ಟುಕೊಂಡರೆ ಆಗದೇ?’ ಖಂಡಿತ ಆಗುತ್ತದೆ, ಮರೆವು ಮಾತ್ರವೇ ಕಾರಣವಾಗಿದ್ದರೆ ಅದನ್ನೇ ಮೊದಲು ಮಾಡಿ. ಕವಚ ಬೇಕಾಗುವುದು ಕಾರಣ ಏನೆಂದು ತಿಳಿಯದಿದ್ದಾಗ. ಎರಡು ಮೂರು ತಿಂಗಳ ಚಿತ್ರ ಸಿಕ್ಕರೆ ಸಾಮಾನ್ಯವಾಗಿ ವಿಷಯ ಗೊತ್ತಾಗುತ್ತದೆ. ಜೀವನಪರ್ಯಂತ ಕಟ್ಟಿಕೊಂಡು ತಿರುಗುವ ವಸ್ತು ಅಲ್ಲ ಇದು.

‘ದಿನಾ ಸ್ಟೀರಾಯ್ಡ್ ಕೊಟ್ಟರೆ ಮಗು ಕುಳ್ಳಾಗುವುದಿಲ್ಲವೇ?’ ಮುಚ್ಚಿಡದೆ ಹೇಳುತ್ತೇನೆ. ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಬುಡೆಸೊನೈಡ್ ಪಂಪನ್ನು ದಿನಕ್ಕೆ 400 ಮೈಕ್ರೊಗ್ರಾಂನಂತೆ ನಾಲ್ಕರಿಂದ ಆರು ವರ್ಷ ತೆಗೆದುಕೊಂಡ ಮಕ್ಕಳು ದೊಡ್ಡವರಾದ ಮೇಲೆ ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಎತ್ತರ ಇದ್ದರು. ವ್ಯತ್ಯಾಸ ಬಂದದ್ದು ಮೊದಲ ಒಂದೆರಡು ವರ್ಷದಲ್ಲಿ, ಆಮೇಲೆ ಬೆಳೆಯುತ್ತಾ ಹೋಗಲಿಲ್ಲ. ಇದು ನಿಜವಾದ ಅಂಕಿ, ನಿಮ್ಮ ಹೆದರಿಕೆಗೂ ಒಂದು ಆಧಾರ ಇದೆ. ತಕ್ಕಡಿಯ ಇನ್ನೊಂದು ಬದಿಯಲ್ಲಿ ಹತೋಟಿಯಿಲ್ಲದ ಅಸ್ತಮಾ ಇದೆ, ಪದೇಪದೇ ನುಂಗುವ ಸ್ಟೀರಾಯ್ಡ್ ಮಾತ್ರೆ ಇದೆ. ಎಷ್ಟು ಕಡಿಮೆ ಪ್ರಮಾಣದಲ್ಲಿ ಕೆಲಸ ನಡೆಯುತ್ತದೆ ಎಂದು ತಿಳಿಯಲಿಕ್ಕೂ ಮಗು ಈಗ ನಿಜಕ್ಕೂ ಎಷ್ಟು ತೆಗೆದುಕೊಳ್ಳುತ್ತಿದೆ ಎಂಬ ಲೆಕ್ಕ ಬೇಕಾಗುತ್ತದೆ.

‘ಮನೆಯಲ್ಲಿ ಆಗುವುದೇ ಇಲ್ಲ, ಶಾಲೆಯಲ್ಲಿ ಕೊಡಬಹುದೇ?’ ಒಬ್ಬರು ಶಿಕ್ಷಕಿ ಕೇಳಿದ್ದು, ನನಗೆ ಬಹಳ ಇಷ್ಟವಾದ ಪ್ರಶ್ನೆ. ಅಮೆರಿಕದ ರಾಚೆಸ್ಟರಿನಲ್ಲಿ ಶಾಲೆಯ ನರ್ಸ್ ಕೈಯಲ್ಲೇ ಪ್ರಿವೆಂಟರ್ ಕೊಡಿಸಿ ನೋಡಿದ್ದಾರೆ, ಫಲ ಸಿಕ್ಕಿದೆ. ದಿನಕ್ಕೊಂದೇ ಬಾರಿ ಸಾಕಾಗುವ ಔಷಧಿಗೆ ವೈದ್ಯರು ಬದಲಾಯಿಸಿಕೊಟ್ಟರೆ ಇದು ಸುಲಭ. ರಜಾದಿನಗಳಿಗೆ ಬೇರೆ ಏರ್ಪಾಡು ಬೇಕು. ದೀರ್ಘ ರಜೆ ಮುಗಿಸಿ ಶಾಲೆಗೆ ಮರಳಿದ ವಾರಗಳಲ್ಲಿ ಉಬ್ಬಸ ಏರುವುದು ಎಷ್ಟೋ ದೇಶಗಳಲ್ಲಿ ಕಂಡುಬಂದಿದೆ. ನೆಗಡಿ ವೈರಸ್ ತರಗತಿಗೆ ಬರುತ್ತದೆ, ರಜೆಯಲ್ಲಿ ಪಂಪ್ ಬಿಟ್ಟ ಎದೆ ಅದಕ್ಕಾಗಿ ಕಾದಿರುತ್ತದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ಕೇಳಿದ: ‘ಇದ್ರಲ್ಲಿ ಕ್ಯಾಮೆರಾ ಇದ್ಯಾ?’

ಇಲ್ಲ ಕಣೋ. ನೀನು ಮಲಗಿದ್ದೂ ಅದಕ್ಕೆ ಗೊತ್ತಾಗಲ್ಲ, ಆಡಿದ್ದೂ ಗೊತ್ತಾಗಲ್ಲ. ಒತ್ತಿದ್ದು ಮಾತ್ರ ಗೊತ್ತು. ನೋಡ್ತೀಯಾ? ಎಂದು ನನ್ನ ಫೋನನ್ನು ದೊಡ್ಡ ಪರದೆಗೆ ಜೋಡಿಸಿದೆ. ಆರಂಭದಲ್ಲಿ ಕಳಿಸಿದ ಮೂರು ಪಂಪುಗಳಲ್ಲಿ ಎರಡು ಅಷ್ಟರಲ್ಲಿ ಮೇಜಿಗೆ ವಾಪಸ್ ಬಂದಿದ್ದವು. ಮೂರನೆಯದು ಇನ್ನೂ ಸಭೆಯಲ್ಲೇ ಎಲ್ಲೋ ಇತ್ತು. ಪರದೆಯ ಮೇಲೆ ಚುಕ್ಕೆಗಳು ಒಂದರ ಮೇಲೊಂದು ರಾಶಿ ಬಿದ್ದಿದ್ದವು. ಒಂದು ಗಂಟೆಯೊಳಗೆ 47 ಡೋಸ್. ಆ್ಯಪ್ ಕೆಂಪು ಬಣ್ಣದಲ್ಲಿ ಎಚ್ಚರಿಕೆ ಕೊಡುತ್ತಿತ್ತು. ಸಭೆ ಜೋರಾಗಿ ನಕ್ಕಿತು. ಆ ನಗುವಿನ ನಡುವೆಯೇ ಎಡಗಡೆಯ ಮೂಲೆಯಿಂದ ಟಪ್ ಎಂದು ಸದ್ದಾಯಿತು, ಪರದೆಯಲ್ಲಿ 48 ಆಯಿತು.